ಮದ್ದು ಸುಡುವಾಗ ಎಲ್ಲಿ ನಿಲ್ಲಬೇಕು?

ಹೋದ ವರ್ಷದ ಬೇಸಿಗೆ ರಜೆಯಲ್ಲಿ ನಮ್ಮ ಕನ್ನಡ ಬಳಗದ ಏಳು ಜನ ಮುಂಡರಗಿ ತಾಲೂಕಿನ ಒಂದು ಹಳ್ಳಿಯ ಜಾತ್ರೆಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅದು. ಸಂಜೆ ತೇರು ಎಳೆದರು. ಗೋಧಿ ಹುಗ್ಗಿ, ಅನ್ನ, ಸಾರು ಉಂಡು ಮುಗಿಸುವಷ್ಟರಲ್ಲಿ ಒಂಬತ್ತೂವರೆ. ಆಮೇಲೆ ಎಲ್ಲರೂ ಕಾಯುತ್ತಿದ್ದ ಕಾರ್ಯಕ್ರಮ: ಮದ್ದು ಸುಡುವುದು. ಊರ ಹೊರಗಿನ ಹೊಲದಲ್ಲಿ ಕಬ್ಬಿಣದ ಕೊಳವೆಗಳನ್ನು ಸಾಲಾಗಿ ಹುಗಿದಿದ್ದರು. ನಾವು ಎಂಜಿನಿಯರಿಂಗ್ ಓದುವವರಲ್ಲವೇ, ಹತ್ತಿರದಿಂದಲೇ ನೋಡಬೇಕು ಅಂತ ಕೊಳವೆಯಿಂದ ಮೂವತ್ತು ಹೆಜ್ಜೆಗೆ ಮೊಬೈಲ್ ಎತ್ತಿ ಹಿಡಿದು ನಿಂತ್ವಿ.

ಆರನೆಯದೋ ಏಳನೆಯದೋ ಶೆಲ್ಲು ಸರಿಯಾಗಿ ಏರಲಿಲ್ಲ. ತೆಂಗಿನ ಮರದೆತ್ತರಕ್ಕೆ ಹೋಗಿ, ಓರೆಯಾಗಿ ನಮ್ಮ ತಲೆಯ ಮೇಲಿಂದ ಹಾದು, ಹಿಂದಿದ್ದ ಬಣವಿಯ ಮಗ್ಗುಲಿಗೆ ಬಿದ್ದು ಒಡೆಯಿತು. ಒಣಗಿದ ಜೋಳದ ಕಣಿಕೆ. ನೀರಿನ ಟ್ಯಾಂಕರ್ ಬರುವಷ್ಟರಲ್ಲಿ ಮುಗಿದಿತ್ತು. ಯಾರಿಗೂ ಗಾಯ ಆಗಲಿಲ್ಲ, ಹಾಗಾಗಿ ಮರುದಿನ ಅದು ಸುದ್ದಿಯೂ ಆಗಲಿಲ್ಲ. ಆದರೆ ಆ ಬಣವಿ ಒಂದು ಜೋಡಿ ಎತ್ತು, ಎರಡು ಎಮ್ಮೆಗೆ ಮುಂದಿನ ಹಸಿ ಮೇವು ಬರುವವರೆಗಿನ ಊಟ.

ಬಣವಿಯ ಕಾಕಾ ಯಾರನ್ನೂ ಬೈಯಲಿಲ್ಲ. ಕಟ್ಟೆಯ ಮೇಲೆ ಕುಂತು ನಮ್ಮನ್ನು ನೋಡಿ ಅಂದದ್ದು ಇಷ್ಟೇ: "ಜಾತ್ರಿ ಅಂದಮ್ಯಾಲ ಮದ್ದು ಸುಡಬೇಕ್ರೆಪಾ. ಆದ್ರ ಎಲ್ಲಿ ಸುಡಬೇಕು, ಎಲ್ಲಿ ನಿಲ್ಲಬೇಕು ಅನ್ನೂದನ್ನ ಯಾರರ ಒಬ್ರು ಲೆಕ್ಕಾ ಹಾಕಬೇಕಲ್ಲ? ನೀವು ಇಂಜಿನಿಯರ್ ಕಲಿಯಾಕತ್ತೀರಿ. ನೀವ ಹೇಳ್ರಿ ನೋಡೂನು."

ಆ ರಾತ್ರಿ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪಿಯುಸಿ ಫಿಸಿಕ್ಸ್ ಸಾಕಾಗುವ ಲೆಕ್ಕ ಅದು, ಆದರೂ ಇರಲಿಲ್ಲ. ಈ ಲೇಖನ ಆ ಉತ್ತರ ಹುಡುಕಿದ ಕಥೆ. ನಮ್ಮ ಕಡೆ ಜಾತ್ರೆಗಳ ಕಾಲವೇ ಬೇಸಿಗೆ. ದವನದ ಹುಣ್ಣಿಮೆಗೆ ಗದಗಿನ ತೋಂಟದಾರ್ಯ ಮಠದ ಜಾತ್ರೆ, ಆಗಿ ಹುಣ್ಣಿಮೆಗೆ ಶಿರಹಟ್ಟಿ ಫಕೀರೇಶ್ವರನ ಜಾತ್ರೆ, ನಡುವೆ ಲೆಕ್ಕವಿಲ್ಲದಷ್ಟು ಹಳ್ಳಿಗಳ ತೇರು. ಇವುಗಳಲ್ಲಿ ಮದ್ದು ಸುಡುವ ಯಾವುದೋ ಒಂದು ಊರಿಗೆ ನೀವೂ ಹೋಗುತ್ತೀರಿ. ಹೋಗುವ ಮೊದಲು ಓದಿಕೊಳ್ಳಿ.

ಮೊದಲು ಹೆಸರು. ಕೆಮ್ಮಿಗೂ ಮದ್ದು, ಬಂದೂಕಿಗೂ ಮದ್ದು, ಜಾತ್ರೆಗೂ ಮದ್ದು. ಇದೇನೋ ಕನ್ನಡದ ತಮಾಷೆ ಅಂದುಕೊಂಡಿದ್ವಿ. ಅಲ್ಲ. ತಮಿಳಿನ ಮರುಂದು, ತೆಲುಗಿನ ಮಂದು ಎರಡಕ್ಕೂ ಇದೇ ಜೋಡಿ ಅರ್ಥ. ಪಾರಸಿಯಲ್ಲಿ ದಾರೂ ಅಂದರೆ ಔಷಧಿ. ಮರಾಠಿಗೆ ಬಂದು ಅದು ಸಿಡಿಮದ್ದೂ ಆಯಿತು, ಕುಡಿಯುವ ದಾರೂನೂ ಆಯಿತು. ಚೀನಿಯರು ಸಿಡಿಮದ್ದಿಗೆ ಹುವೋ ಯಾವೋ ಅನ್ನುತ್ತಾರೆ, ಬೆಂಕಿಯ ಔಷಧಿ ಎಂದರ್ಥ. ಅದೇ ಎರಡು ಅಕ್ಷರಗಳನ್ನು ಜಪಾನಿನವರು ಕಯಾಕು ಎಂದು ಓದುತ್ತಾರೆ. ಕಾರಣ ಸರಳ. ಪೆಟ್ಲುಪ್ಪು, ಗಂಧಕ ಇವೆಲ್ಲ ಮೊದಲು ವೈದ್ಯರ, ರಸವಾದಿಗಳ ಡಬ್ಬಿಯಲ್ಲಿದ್ದವು. ಸಾವಿಲ್ಲದ ಔಷಧಿ ಹುಡುಕುತ್ತಿದ್ದ ಚೀನೀ ರಸವಾದಿಗಳಿಗೆ ಸುಮಾರು ಒಂಬತ್ತನೆಯ ಶತಮಾನದಲ್ಲಿ ಸಿಕ್ಕಿದ್ದು ಇದು.

ಲಕ್ಷ್ಮೇಶ್ವರದ ಗೆಳೆಯರಿಗೆ ಒಂದು ಮಾತು. ನಿಮ್ಮ ಊರಿನ ಹಳೆಯ ಹೆಸರು ಪುಲಿಗೆರೆ. 941ರ ಸುಮಾರಿಗೆ ಕಾವ್ಯ ಬರೆದ ಪಂಪ ತನ್ನದು ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡಿದ್ದಾನೆ. ಆ ಕನ್ನಡದಲ್ಲಿ ಮರ್ದು ಅಂದರೆ ಔಷಧಿ ಮಾತ್ರ, ಸಿಡಿಯುವ ಮದ್ದು ಈ ಕಡೆ ಬರಲು ಇನ್ನೂ ನಾಲ್ಕೈದು ಶತಮಾನ ಬೇಕಿತ್ತು. ಬಂದ ಮೇಲೆ ಮಾತ್ರ ನಮ್ಮವರು ಹಿಂದೆ ಬೀಳಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ಬಾಣ ಬಿರುಸುಗಳನ್ನು ಬರೆದಿಟ್ಟಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಕೂಡ ಅದೇ ಹಬ್ಬದ ರಾತ್ರಿಗಳ ಬೆಂಕಿಯಾಟ ನೋಡಿ ಬೆರಗಾದವನು. ಈ ಇತಿಹಾಸವನ್ನೆಲ್ಲ ಪಿ.ಕೆ. ಗೋಡೆ ಒಂದು ಸಣ್ಣ ಪುಸ್ತಕದಲ್ಲಿ ಒಟ್ಟುಗೂಡಿಸಿದರು, ಅದು 1953ರಲ್ಲಿ ಬೆಂಗಳೂರಿನ ಬಸವನಗುಡಿಯಿಂದಲೇ ಪ್ರಕಟವಾಯಿತು. ಹೈದರ್ ಮತ್ತು ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್ ನಿಮಗೆ ಗೊತ್ತೇ ಇದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳು ಬಾವಿಯಲ್ಲಿ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. ಈಗ ಉತ್ತರ ಕರ್ನಾಟಕದಲ್ಲಿ ಮದ್ದು ಸುಡುವುದಕ್ಕೆ ಹೆಸರಾದದ್ದು ಸಂಕ್ರಾಂತಿಯ ಹೊತ್ತಿನ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಹಳ್ಳಿಗಳಲ್ಲಿ ನಡೆಯುವುದು ಅದರ ಸಣ್ಣ ತಮ್ಮ.

ಇನ್ನು ಶೆಲ್ಲಿನ ಒಳಗೆ ಏನಿದೆ ನೋಡೋಣ. (ಮಾಡುವ ವಿಧಾನ ಇಲ್ಲಿಲ್ಲ. ಹಾಸ್ಟೆಲ್ ರೂಮಿನಲ್ಲಿ ಕೈ ಹಾಕುವ ಕೆಲಸವೂ ಅಲ್ಲ. ಲೈಸೆನ್ಸ್ ಇದ್ದವರದ್ದೇ ಬೆರಳು ಹೋಗಿರುತ್ತವೆ.) ಶೆಲ್ಲು ಅಂದರೆ ಪದರ ಪದರ ಕಾಗದ ಅಂಟಿಸಿ ಮಾಡಿದ ಚೆಂಡು. ಕೊಳವೆಯ ತಳದಲ್ಲಿ ಅದನ್ನು ಮೇಲಕ್ಕೆ ಒದೆಯುವ ಕಪ್ಪು ಮದ್ದು. ಚೆಂಡಿನೊಳಗೆ ಉರಿಯುವ ಸಣ್ಣ ಸಣ್ಣ ಉಂಡೆಗಳು, ಇವೇ ನಮಗೆ ಚುಕ್ಕಿಗಳಾಗಿ ಕಾಣುವುದು. ನಡುವೆ ಚೆಂಡನ್ನು ಒಡೆಯುವ ಮದ್ದು. ಇವೆರಡರ ನಡುವೆ ಸಮಯ ಕಾಯುವ ಒಂದು ಬತ್ತಿ. ಒದೆಯುವಾಗಲೇ ಬತ್ತಿಗೆ ಬೆಂಕಿ ಹತ್ತುತ್ತದೆ, ಚೆಂಡು ಏರುತ್ತಿರುವಾಗ ಅದು ಒಳಗೊಳಗೇ ಉರಿಯುತ್ತ ಹೋಗುತ್ತದೆ.

ಬಣ್ಣದ ವಿಷಯ ನಿಮಗೆ ಕೆಮಿಸ್ಟ್ರಿ ಲ್ಯಾಬಿನ ಜ್ವಾಲೆ ಪರೀಕ್ಷೆಯಲ್ಲೇ ಬಂದಿದೆ: ಕೆಂಪಿಗೆ ಸ್ಟ್ರಾನ್ಷಿಯಂ, ಹಳದಿಗೆ ಸೋಡಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ. ನೀಲಿ ಎಲ್ಲಕ್ಕಿಂತ ಕಷ್ಟ, ಬೆಂಕಿ ಸ್ವಲ್ಪ ಹೆಚ್ಚಾದರೂ ಬಣ್ಣ ಕೊಡುವ ತಾಮ್ರದ ಕ್ಲೋರೈಡ್ ಒಡೆದುಹೋಗುತ್ತದೆ. ಬೇರಿಯಂ ಲವಣಗಳನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನಿಷೇಧಿಸಿದೆ. ಬಣ್ಣದ ಬಗ್ಗೆ ಇಷ್ಟು ಸಾಕು, ಬಣವಿ ಸುಟ್ಟದ್ದು ಬಣ್ಣದಿಂದಲ್ಲ.

ನಮಗೆ ಬೇಕಾದದ್ದು ಎತ್ತರ ಮತ್ತು ಸಮಯ. ಶೆಲ್ಲಿನ ಅಡ್ಡಳತೆ ಒಂದು ಇಂಚು ಹೆಚ್ಚಿದರೆ ಎತ್ತರ ಸುಮಾರು 100 ಅಡಿ ಹೆಚ್ಚುತ್ತದೆ ಎನ್ನುವುದು ಈ ಕಸುಬಿನ ಬಾಯಿಲೆಕ್ಕ. ನಾಲ್ಕು ಇಂಚಿನದು 400 ಅಡಿ, ಅಂದರೆ ಸುಮಾರು 120 ಮೀಟರ್. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿ: ಅಷ್ಟೆತ್ತರ ಏರಲು ಕೊಳವೆಯ ಬಾಯಿ ಬಿಡುವಾಗ ಸೆಕೆಂಡಿಗೆ 48.5 ಮೀಟರ್ ವೇಗ ಬೇಕು, ಗಂಟೆಗೆ 175 ಕಿ.ಮೀ. ತುದಿ ಮುಟ್ಟಲು 5 ಸೆಕೆಂಡಿಗೆ ಸ್ವಲ್ಪ ಕಡಿಮೆ. ತುದಿಯಲ್ಲಿ ಮೇಲ್ಮುಖ ವೇಗ ಸೊನ್ನೆ. ಆ ಕ್ಷಣಕ್ಕೆ ಒಡೆದರೆ ಚುಕ್ಕಿಗಳು ಎಲ್ಲ ದಿಕ್ಕಿಗೂ ಒಂದೇ ಸಮ ಹರಡಿ ಗುಂಡನೆಯ ಹೂವು ಮೂಡುತ್ತದೆ. ಬತ್ತಿ ಒಂದೆರಡು ಸೆಕೆಂಡ್ ತಡ ಮಾಡಿದರೆ ಚೆಂಡು ಇಳಿಯುತ್ತಿರುವಾಗ ಒಡೆದು ಹೂವು ಕೆಳಗೆ ಎಳೆದಂತಾಗುತ್ತದೆ. ಇನ್ನೂ ತಡವಾದರೆ ಅದು ನೆಲಕ್ಕೆ ಬಂದಿರುತ್ತದೆ. ಒದೆಯುವ ಮದ್ದು ನೆಮ್ಮಿ ಬಲ ಕಡಿಮೆಯಾದರೂ ಅದೇ ಗತಿ: ಬತ್ತಿಗೆ ಎತ್ತರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಮಯ ಮಾತ್ರ.

ಕೊಳವೆ ಓರೆಯಾದರೆ? ಹಗಲೆಲ್ಲ ಒಣ ಎರಿ ಮಣ್ಣಿನಲ್ಲಿ ನಿಂತ ಕೊಳವೆ ನಾಲ್ಕೈದು ಸಲ ಒದ್ದ ಮೇಲೆ ಸಡಿಲಾಗಿ ವಾಲುತ್ತದೆ. ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಬಿರುಕು ಬಿಟ್ಟಿರುವುದನ್ನು ನೀವು ನೋಡಿದ್ದೀರಿ, ಅಂಥ ನೆಲ ಯಾವ ಕೊಳವೆಯನ್ನೂ ಗಟ್ಟಿ ಹಿಡಿಯುವುದಿಲ್ಲ. ನೆಟ್ಟಗಿನ ಗೆರೆಯಿಂದ 5 ಡಿಗ್ರಿ ವಾಲಿದರೆ, ಮೇಲೆ ಒಡೆಯದೆ ಉಳಿದ ಶೆಲ್ಲು ಸುಮಾರು 42 ಮೀಟರ್ ಆಚೆ ಬೀಳುತ್ತದೆ. 10 ಡಿಗ್ರಿ ವಾಲಿದರೆ 82 ಮೀಟರ್. ನಾವು ನಿಂತದ್ದು ಮೂವತ್ತು ಹೆಜ್ಜೆಗೆ, ಹೆಚ್ಚೆಂದರೆ 22 ಮೀಟರ್. ಅಂದರೆ ನಾವು ನಿಂತದ್ದು ಬೀಳುವ ಜಾಗಕ್ಕಿಂತಲೂ ಒಳಗೆ, ನಮ್ಮನ್ನು ಉಳಿಸಿದ್ದು ಲೆಕ್ಕವಲ್ಲ, ಆ ಶೆಲ್ಲು ಹಿಡಿದ ದಾರಿ.

ಅಮೆರಿಕದ ಅಗ್ನಿ ಸುರಕ್ಷತಾ ನಿಯಮದಲ್ಲಿ ನೋಡುಗರ ದೂರಕ್ಕೆ ಒಂದು ಸೂತ್ರವಿದೆ: ಶೆಲ್ಲಿನ ಪ್ರತಿ ಇಂಚಿಗೆ 70 ಅಡಿ. ನಾಲ್ಕು ಇಂಚಿಗೆ 280 ಅಡಿ, 85 ಮೀಟರ್. ನಮ್ಮ 10 ಡಿಗ್ರಿ ಲೆಕ್ಕದ 82 ಮೀಟರಿಗೆ ಅದು ಎಷ್ಟು ಹತ್ತಿರ ಬಂತು ನೋಡಿ. ಸೂತ್ರ ನೋಡುವ ಮೊದಲೇ ನಾವು ಈ ಲೆಕ್ಕ ಮಾಡಿದ್ದರಿಂದ ಆ ದಿನ ಮೆಸ್ಸಿನಲ್ಲಿ ಸ್ವಲ್ಪ ಜಂಬದಿಂದಲೇ ಓಡಾಡಿದ್ವಿ.

ಸರಿ, 85 ಮೀಟರ್ ಅಂದರೆ ಕತ್ತಲಲ್ಲಿ, ಜನರ ನಡುವೆ ನಿಂತು ಹೇಗೆ ಗೊತ್ತಾಗಬೇಕು? ಇಲ್ಲಿ ಅಜ್ಜಿಯರ ಮಿಂಚು-ಗುಡುಗಿನ ಲೆಕ್ಕ ಕೆಲಸಕ್ಕೆ ಬರುತ್ತದೆ. ಬೆಳಕು ತಕ್ಷಣ ಬರುತ್ತದೆ, ಶಬ್ದ ನಡೆದು ಬರುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, ಪ್ರತಿ ಡಿಗ್ರಿಗೆ 0.6 ಹೆಚ್ಚು. ನಮ್ಮ ಬೇಸಿಗೆ ರಾತ್ರಿಯ 30 ಡಿಗ್ರಿಗೆ 349. 350 ಅಂತ ನೆನಪಿಡಿ. ಹೂವು ಅರಳಿದ್ದಕ್ಕೂ ಢಂ ಅಂದದ್ದಕ್ಕೂ ನಡುವಿನ ಸೆಕೆಂಡನ್ನು 350ರಿಂದ ಗುಣಿಸಿದರೆ ನಿಮ್ಮಿಂದ ಹೂವಿನವರೆಗಿನ ಓರೆ ದೂರ ಸಿಗುತ್ತದೆ.

ಸ್ಟಾಪ್‌ವಾಚ್ ಒತ್ತಿ ಅಳೆಯಲು ಹೋಗಬೇಡಿ, ನಾವು ಹೋಗಿ ಕೆಟ್ಟೆವು. ಬೆರಳು 0.2 ಸೆಕೆಂಡ್ ತಡ ಮಾಡಿದರೆ 70 ಮೀಟರ್ ತಪ್ಪು, ಅಂದರೆ ಉತ್ತರದ ಅರ್ಧ. ಬದಲಿಗೆ ವಿಡಿಯೋ ತೆಗೆದು ಆಮೇಲೆ ಫ್ರೇಮ್ ಎಣಿಸಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮಿಗೆ 11.6 ಮೀಟರ್. ಬೆಳಕು ಕಂಡ ಫ್ರೇಮಿನಿಂದ ಶಬ್ದದ ಗೆರೆ ಎದ್ದ ಫ್ರೇಮಿನವರೆಗೆ 18 ಫ್ರೇಮ್ ಬಂತು ಅನ್ನಿ: 0.6 ಸೆಕೆಂಡ್, 209 ಮೀಟರ್. ಮೊಬೈಲಿನ ಕೋನ ತೋರಿಸುವ ಆ್ಯಪಿನಲ್ಲಿ ಹೂವು 35 ಡಿಗ್ರಿ ಮೇಲಿದ್ದರೆ ಎತ್ತರ 209 ಗುಣಿಸು ಸೈನ್ 35, ಅಂದರೆ 120 ಮೀಟರ್. ನೆಲದ ಮೇಲಿನ ದೂರ ಕೊಸೈನ್ ಹಾಕಿ 171 ಮೀಟರ್. ಮೊದಲ ಶೆಲ್ಲಿನಲ್ಲೇ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಎಣಿಸುವ ತಾಳ್ಮೆ ಇಲ್ಲದವರಿಗೆ ಒರಟು ಗುರುತು: ಬೆಳಕು ಮತ್ತು ಢಂ ಎರಡೂ ಒಟ್ಟಿಗೇ ಬಂದಂತೆ ಅನ್ನಿಸಿತೋ, ನೀವು ತೀರಾ ಹತ್ತಿರ ಇದ್ದೀರಿ, ಹಿಂದೆ ಸರಿಯಿರಿ.

ಗಾಳಿಯನ್ನು ನಮ್ಮ ಕಡೆ ಮರೆಯುವಂತೆಯೇ ಇಲ್ಲ. ಕಪ್ಪತಗುಡ್ಡದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಗಂಟೆಗೆ 20 ಕಿ.ಮೀ. ಗಾಳಿ ಅಂದರೆ ಸೆಕೆಂಡಿಗೆ 5.6 ಮೀಟರ್. ಇನ್ನೂ ಕಿಡಿ ಆರದ ಕಾಗದದ ಚೂರು 120 ಮೀಟರ್ ಮೇಲಿಂದ ಸೆಕೆಂಡಿಗೆ 4 ಮೀಟರಿನಂತೆ ಇಳಿಯುತ್ತದೆ ಎಂದುಕೊಂಡರೆ ನೆಲ ಮುಟ್ಟಲು 30 ಸೆಕೆಂಡ್. ಅಷ್ಟರಲ್ಲಿ ಅದು 168 ಮೀಟರ್ ಸಾಗಿರುತ್ತದೆ. ಆದ್ದರಿಂದ ನಿಲ್ಲಬೇಕಾದದ್ದು ಗಾಳಿ ಬರುವ ಕಡೆ. ಗಾಳಿ ಹೋಗುವ ಕಡೆ ಏನಿದೆ ಎಂದು ಸಂಜೆಯ ಬೆಳಕಿನಲ್ಲೇ ನೋಡಿಟ್ಟುಕೊಳ್ಳಬೇಕು: ಬಣವಿ, ಗುಡಿಸಲು, ಪೆಂಡಾಲು. ಗುಡ್ಡದ ಅಂಚಿನ ಊರಾದರೆ ಒಣ ಹುಲ್ಲು. ಕಪ್ಪತಗುಡ್ಡಕ್ಕೆ ಬೇಸಿಗೆಯಲ್ಲಿ ಬೆಂಕಿ ಹೊಸದಲ್ಲ, ಮತ್ತು ಅದು ಹೆಸರಾದದ್ದೇ ಮದ್ದಿನ ಗಿಡಗಳಿಗೆ. ಒಂದು ಮದ್ದಿನಿಂದ ಇನ್ನೊಂದು ಮದ್ದನ್ನು ಸುಡುವುದು ಬೇಡ.

ಇದೆಲ್ಲ ಲೆಕ್ಕ ಮಾಡುತ್ತಿದ್ದಾಗ ನಮ್ಮ ಸೀನಿಯರ್ ಅಣ್ಣ ಒಬ್ಬ ಟೋಕಿಯೋದಿಂದ ಫೋನ್ ಮಾಡಿದ. ಕೆಲಸಕ್ಕೆ ಹೋಗಿ ಎರಡು ವರ್ಷ. ಆಗಸ್ಟಿನಲ್ಲಿ ಅತಾಮಿ ಅನ್ನುವ ಕಡಲ ತೀರದ ಊರಿಗೆ ಮದ್ದು ನೋಡಲು ಹೋಗಿದ್ದನಂತೆ. "ಅರ್ಧ ತಾಸೂ ಇರಲಿಲ್ಲಪಾ, ಆದ್ರ ಜಲ್ಮದಾಗ ಮರಿಯಂಗಿಲ್ಲ" ಅಂದ. ನಾವು ಕೇಳಿದ್ದು ಒಂದೇ ಪ್ರಶ್ನೆ: ಎಲ್ಲಿಂದ ಹಾರಿಸ್ತಾರ? "ನೀರಿನ ಕಡಿಯಿಂದ. ಜನ ಎಲ್ಲ ದಂಡ್ಯಾಗ."

ಅತಾಮಿ ಅಂದರೆ ಬಿಸಿ ಕಡಲು, ಬಿಸಿನೀರ ಬುಗ್ಗೆಗಳ ಊರು. 1949ರಲ್ಲಿ ಚಂಡಮಾರುತ ಬಡಿಯಿತು, 1950ರಲ್ಲಿ ದೊಡ್ಡ ಬೆಂಕಿ ಬಿದ್ದು ಊರು ಸುಟ್ಟಿತು. ಮತ್ತೆ ಎದ್ದು ನಿಲ್ಲಬೇಕೆಂದು 1952ರಲ್ಲಿ ಶುರು ಮಾಡಿದ್ದು ಈ ಹಬ್ಬ. ಬೆಂಕಿಯಲ್ಲಿ ಸುಟ್ಟ ಊರು ಬೆಂಕಿಯ ಹಬ್ಬವನ್ನೇ ಆರಿಸಿಕೊಂಡಿತು, ಆದರೆ ಕಡಲ ಮೇಲೆ. ಜಪಾನಿನಲ್ಲಿ ಇದಕ್ಕೆ ಹನಾಬಿ ಎನ್ನುತ್ತಾರೆ, ಹೂ-ಬೆಂಕಿ. ನಮ್ಮ ಹೂಕುಂಡದ ಅಕ್ಕ ಅನ್ನಬಹುದು. ಅಲ್ಲಿನ ಕಸುಬುದಾರರು ಚೆಂಡು ಒಡೆಯುವ ಮದ್ದನ್ನು ಭತ್ತದ ಹೊಟ್ಟಿನ ಮೇಲೋ ಹತ್ತಿಕಾಳಿನ ಮೇಲೋ ಲೇಪಿಸಿ ಬಳಸುತ್ತಾರೆ, ಸಂದಿ ಸಂದಿಯಲ್ಲಿ ಬೆಂಕಿ ಬೇಗ ಹರಡಲಿ ಅಂತ. ಗದಗಿನ ಹತ್ತಿ ಮಾರುಕಟ್ಟೆ ನೋಡಿ ಬೆಳೆದ ನಮಗೆ ಹತ್ತಿಕಾಳು ಅಂದರೆ ಎಮ್ಮೆಯ ಹಿಂಡಿ ಮಾತ್ರ ನೆನಪಾಗುತ್ತಿತ್ತು.

ಅವರ ಹೆಸರಾಂತ ದೊಡ್ಡ ಚೆಂಡು ಸುಮಾರು 30 ಸೆಂಟಿಮೀಟರ್ ಅಡ್ಡಳತೆಯದು. ಸುಮಾರು 330 ಮೀಟರ್ ಏರಿ, 300 ಮೀಟರಿಗೂ ಅಗಲ ಅರಳುತ್ತದೆ. ಇಂಚಿಗೆ 70 ಅಡಿಯ ಸೂತ್ರ ಹಾಕಿದರೆ ಸುತ್ತ 256 ಮೀಟರ್ ಖಾಲಿ ಬೇಕು. ಆ ವೃತ್ತದ ವಿಸ್ತೀರ್ಣ 50 ಎಕರೆ. ಕಟ್ಟಿಗೆ ಮನೆಗಳು ಒತ್ತೊತ್ತಾಗಿದ್ದ ದೇಶದಲ್ಲಿ 50 ಎಕರೆ ಖಾಲಿ ಜಾಗ ಎಲ್ಲಿ? ನೀರಿನ ಮೇಲೆ. ಅವರ ದೊಡ್ಡ ಹಬ್ಬಗಳು ಹೆಚ್ಚಾಗಿ ಕಡಲ ತೀರ, ಹೊಳೆಯ ದಂಡೆಗಳಲ್ಲೇ ಇರುವುದಕ್ಕೆ ಚೆಂದ ಒಂದು ಕಾರಣವಾದರೆ ದೂರ ಇನ್ನೊಂದು ಕಾರಣ. ಹಿಂದೆ ಟೋಕಿಯೋಕ್ಕೆ ಎದೊ ಎಂಬ ಹೆಸರಿದ್ದಾಗ ಕಗಿಯಾ, ತಮಾಯಾ ಎಂಬ ಎರಡು ಮದ್ದಿನ ಮನೆತನಗಳ ನಡುವೆ ಪೈಪೋಟಿ ಇತ್ತು. 1843ರಲ್ಲಿ ತಮಾಯಾದವರಲ್ಲಿ ಬೆಂಕಿ ಹೊತ್ತಿ ಸುತ್ತಲ ಕೇರಿಗೂ ಹಬ್ಬಿತು, ಅವರನ್ನು ಊರಿನಿಂದಲೇ ಹೊರಗೆ ಹಾಕಿದರು. ಇವತ್ತಿಗೂ ಹೂವು ಅರಳಿದಾಗ ಜನ "ತಮಾಯಾ!" ಎಂದು ಕೂಗುತ್ತಾರೆ. ಕಲೆಗೆ ಶಭಾಷ್, ತಪ್ಪಿಗೆ ಗಡಿಪಾರು.

ಗದಗ ಜಿಲ್ಲೆಗೆ ಕಡಲಿಲ್ಲ. ಆದರೆ ಬೇಸಿಗೆಯಲ್ಲಿ ನಮಗೂ ಒಂದು ಕಡಲಿದೆ: ಜೋಳ, ಕಡಲೆ, ಕುಸುಬಿ ಎಲ್ಲ ಬಂದು ಖಾಲಿಯಾದ ಎರಿ ಹೊಲ. ನಾಲ್ಕು ಇಂಚಿನ ಶೆಲ್ಲಿಗೆ ಬೇಕಾದ 85 ಮೀಟರ್ ವೃತ್ತ ಅಂದರೆ ಐದೂವರೆ ಎಕರೆಗೆ ಸ್ವಲ್ಪ ಮೇಲೆ. ಅಷ್ಟು ಖಾಲಿ ಹೊಲ ಇಲ್ಲದ ಊರು ನಮ್ಮ ಕಡೆ ಸಿಗುವುದು ಕಷ್ಟ. ಒಂದೇ ವ್ಯತ್ಯಾಸ, ಕಡಲಿನಲ್ಲಿ ಯಾರೂ ಬಣವಿ ಒಟ್ಟುವುದಿಲ್ಲ.

ಇಲ್ಲಿಯವರೆಗಿನದು ಹಾರುವ ಶೆಲ್ಲಿನ ಮಾತಾಯಿತು. ಆದರೆ ಓದುತ್ತ ಹೋದಂತೆ ತಿಳಿದದ್ದು, ದೊಡ್ಡ ಸಾವುಗಳು ಆದದ್ದು ಹಾರುವ ಶೆಲ್ಲಿನಿಂದ ನೇರವಾಗಿ ಅಲ್ಲ. 2016ರ ಏಪ್ರಿಲ್ 10ರಂದು ಕೇರಳದ ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದಲ್ಲಿ ಕಿಡಿ ಹಾರಿ ಬಿದ್ದದ್ದು ಮದ್ದು ಕೂಡಿಟ್ಟ ಕಟ್ಟಡಕ್ಕೆ. ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರ್ ಕೊನೆಗೆ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲೂ ಹಾಗೆಯೇ, ತೆಯ್ಯಂ ನೋಡಲು ನಿಂತ ಜನರ ಹತ್ತಿರವೇ ದಾಸ್ತಾನು ಇತ್ತು, ಕಿಡಿ ಅದಕ್ಕೆ ಬಿತ್ತು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹಾಗಾಗಿ ಜಾತ್ರೆಗೆ ಹೋದಾಗ ಕೊಳವೆ ಎಲ್ಲಿದೆ ಎಂದು ಕೇಳುವ ಮೊದಲು, ಇನ್ನೂ ಸುಡದ ಮದ್ದು ಎಲ್ಲಿಟ್ಟಿದ್ದೀರಿ ಎಂದು ಕೇಳಬೇಕು. ನಮ್ಮ ಆ ಊರಿನಲ್ಲಿ ಅದನ್ನು ಕೊಳವೆಯಿಂದ ಹತ್ತು ಹೆಜ್ಜೆಗೆ, ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಇಟ್ಟಿದ್ದರು. ಅದರ ಗಾಲಿಗೆ ಒರಗಿ ನಾವು ಸೆಲ್ಫಿ ತೆಗೆದುಕೊಂಡಿದ್ದೇವೆ. ಆ ಫೋಟೋ ಈಗಲೂ ಗ್ರೂಪಿನಲ್ಲಿದೆ.

ಎಲ್ಲಕ್ಕಿಂತ ಹೆಚ್ಚು ನಮ್ಮನ್ನು ತಡೆದು ನಿಲ್ಲಿಸಿದ್ದು ಜಪಾನಿನ ಅಕಾಶಿ. ಅದೂ ಕಡಲ ತೀರ, ಅದೂ ಬೇಸಿಗೆಯ ಹನಾಬಿ, 2001ರ ಜುಲೈ 21. ಅಲ್ಲಿ ಮದ್ದಿನಿಂದ ಒಬ್ಬರಿಗೂ ಏನೂ ಆಗಲಿಲ್ಲ. ರೈಲು ನಿಲ್ದಾಣದಿಂದ ದಂಡೆಗೆ ಹೋಗಲು ಒಂದು ಪಾದಚಾರಿ ಸೇತುವೆ ಇತ್ತು, ಸುಮಾರು 100 ಮೀಟರ್ ಉದ್ದ, 6 ಮೀಟರ್ ಅಗಲ. ಅದರ ತುದಿಯಲ್ಲಿ ಇಳಿಯುವ ಮೆಟ್ಟಿಲು ಮಾತ್ರ 3 ಮೀಟರ್ ಅಗಲ. ಮೆಟ್ಟಿಲ ಹತ್ತಿರ ತಿಂಡಿ ಅಂಗಡಿಗಳ ಸಾಲು. ಸೇತುವೆಯ ಮೇಲಿಂದ ಹೂವು ಚೆನ್ನಾಗಿ ಕಾಣುತ್ತಿದ್ದರಿಂದ ಜನ ಅಲ್ಲೇ ನಿಂತರು. ಕಾರ್ಯಕ್ರಮ ಮುಗಿದಾಗ ಮನೆಗೆ ಹೊರಟವರು ಮೇಲೆ ಬಂದರು, ಇನ್ನೂ ದಂಡೆಗೆ ಹೊರಟವರು ಎದುರಾದರು. ಒಂದು ಚದರ ಮೀಟರಿನಲ್ಲಿ 13ರಿಂದ 15 ಜನ. ನಿಮ್ಮ ಹಾಸ್ಟೆಲ್ ಕಾಟಿನ ಮುಂದಿನ ಜಾಗದಲ್ಲಿ ಅರ್ಧ ತರಗತಿ ನಿಂತಂತೆ. ಅಷ್ಟು ಒತ್ತಿದಾಗ ಜನರು ಜನರಾಗಿ ನಡೆಯುವುದಿಲ್ಲ, ದ್ರವದಂತೆ ಅಲೆಯಾಗಿ ಹರಿಯುತ್ತಾರೆ. 11 ಜನ ಸತ್ತರು, ಅದರಲ್ಲಿ 9 ಮಕ್ಕಳು. 247 ಜನಕ್ಕೆ ಗಾಯ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ಸತ್ತವರೂ 11 ಜನ. ಆ ದಿನ ನಮ್ಮ ಕಾಲೇಜಿನ ಎಷ್ಟೋ ಜನ ಆ ಜನಸಂದಣಿಯಲ್ಲಿ ಇರಬೇಕಿತ್ತು ಎಂದು ಹೊಟ್ಟೆಕಿಚ್ಚು ಪಡುತ್ತ ಟಿ.ವಿ. ಮುಂದೆ ಕುಂತಿದ್ದರು.

ಇದಕ್ಕೂ ಸರಳ ಲೆಕ್ಕ ಇದೆ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿಯಂತೆ ಸಮತಟ್ಟು ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ, ಮೆಟ್ಟಿಲಾದರೆ 66 ಜನ ಸಲೀಸಾಗಿ ಹೊರಹೋಗಬಹುದು. ನಮ್ಮ ಜಾತ್ರೆ ಓಣಿ ನೆನಪು ಮಾಡಿಕೊಳ್ಳಿ. ನಾಲ್ಕು ಮೀಟರಿನ ಓಣಿ, ಎರಡೂ ಕಡೆ ಬಳೆ, ಬೆಂಡು ಬತ್ತಾಸು, ಆಟಿಕೆ ಅಂಗಡಿ. ಉಳಿದದ್ದು ಎರಡು ಮೀಟರ್. ನಿಮಿಷಕ್ಕೆ 164 ಜನ. ಹೊಲದಲ್ಲಿ 5,000 ಜನ ಇದ್ದರೆ ಎಲ್ಲರೂ ಹೊರಬರಲು ಅರ್ಧ ತಾಸು, ಅದೂ ಎದುರಿನಿಂದ ಒಂದೂ ಬೈಕು ಬರದಿದ್ದರೆ. ಕೊನೆಯ ಶೆಲ್ಲು ಒಡೆದ ಮರುಗಳಿಗೆಗೆ 5,000 ಜನ ಒಟ್ಟಿಗೆ ಏಳುತ್ತಾರೆ. ಆದ್ದರಿಂದ ನೋಡುವ ಜಾಗ ಆರಿಸುವಾಗ ಆಕಾಶ ನೋಡಿದಷ್ಟೇ ಹಿಂದಿನ ದಾರಿಯನ್ನೂ ನೋಡಿ. ಮಕ್ಕಳನ್ನು, ಅಜ್ಜಿಯರನ್ನು ಕರೆದುಕೊಂಡು ಬಂದಿದ್ದರೆ ಮುಗಿದ ಮೇಲೂ ಇಪ್ಪತ್ತು ನಿಮಿಷ ಅಲ್ಲೇ ಕುಂತು ಗಿರಮಿಟ್ ತಿನ್ನಿ.

ಈ ವರ್ಷ ಅದೇ ಊರಿಗೆ ನೂರು ಅಡಿಯ ಟೇಪು, ಎರಡು ಚೀಲ ಸುಣ್ಣದ ಪುಡಿ ಹಿಡಿದುಕೊಂಡು ಹೋದ್ವಿ. ಜಾತ್ರೆ ಕಮಿಟಿಯ ಹಿರಿಯರು ಮೊದಲು ನಕ್ಕರು. "ಮದ್ದು ದೂರಿಂದ ನೋಡಿದ್ರ ಅದೆಂಥಾ ಜಾತ್ರೀನೋ ತಮ್ಮಾ" ಅಂದರು ಒಬ್ಬರು. ಅವರ ಮಾತಿನಲ್ಲೂ ಅರ್ಥವಿದೆ. ಅತಾಮಿಯಲ್ಲಿ ಮದ್ದು ನೋಡುವ ವಸ್ತು. ನಮ್ಮಲ್ಲಿ ಅದರ ಹೊಗೆ ಮೂಗಿಗೆ ಬರಬೇಕು, ಢಂ ಅನ್ನುವುದು ಎದೆಗೆ ಬಡಿಯಬೇಕು. ಅದಕ್ಕೆ ನಾವು ಭಾಷಣ ಮಾಡಲಿಲ್ಲ. ಹೋದ ವರ್ಷದ ವಿಡಿಯೋ ತೋರಿಸಿದ್ವಿ, ಶೆಲ್ಲು ನಮ್ಮ ತಲೆ ಮೇಲಿಂದ ಹೋಗುವ ಆರು ಸೆಕೆಂಡ್. ಎರಡು ಸಲ ನೋಡಿ, "ಎಲ್ಲಿ ಹಾಕ್ತೀರಿ ಗೆರೀ, ಹಾಕ್ರಿ" ಅಂದರು.

ಕೊಳವೆಗಳನ್ನು ಬಣವಿಗಳಿಂದ ದೂರದ ಹೊಲಕ್ಕೆ ಒಯ್ದರು. ಕೊಳವೆಯ ಸುತ್ತ ಮರಳು ಚೀಲ ಒಟ್ಟಿದರು, ವಾಲದಂತೆ. ಟ್ರೇಲರನ್ನು ಗಾಳಿ ಬರುವ ಕಡೆ, ಜನರಿಂದಲೂ ಕೊಳವೆಯಿಂದಲೂ ದೂರಕ್ಕೆ ನಿಲ್ಲಿಸಿದರು. ಗೆರೆಯನ್ನು 100 ಮೀಟರಿಗೆ ಎಳೆದ್ವಿ, 85ರ ಮೇಲೆ ಸ್ವಲ್ಪ ಸೇರಿಸಿ. ಓಣಿಯ ಒಂದು ಬದಿಯ ಅಂಗಡಿಗಳನ್ನು ತೆಗೆಸಲು ಆಗಲಿಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಬದಲಿಗೆ ಹೊಲದ ಇನ್ನೊಂದು ಬದುವಿನ ಮುಳ್ಳುಬೇಲಿ ಬಿಚ್ಚಿ ಎರಡನೇ ದಾರಿ ಮಾಡಿದರು. ಸಮಯದಲ್ಲಿ ಮಾತ್ರ ನಾವು ಸೋತ್ವಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಪಟಾಕಿ ಸುಡಬಾರದು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ ಎಂದು ಹೇಳಿದ್ವಿ. ಊಟದ ಪಂಕ್ತಿ ಮುಗಿಯುವುದೇ ತಡ, ಈ ಸಲ ಹತ್ತೂಕಾಲಾಯಿತು.

ಹುಡುಗರು ಗೆರೆ ದಾಟುತ್ತಲೇ ಇದ್ದರು, ನಾವು ಓಡಿಸುತ್ತಲೇ ಇದ್ವಿ. ಬಣವಿಯ ಕಾಕಾ ಗೆರೆಯ ಹಿಂದೆ ಒಂದಿಪ್ಪತ್ತು ಹೆಜ್ಜೆಗೆ ಕಂಬಳಿ ಹಾಸಿ ಕುಂತಿದ್ದರು. ಮೊದಲ ಶೆಲ್ಲು ನೆಟ್ಟಗೆ ಏರಿ ಗುಂಡಗೆ ಅರಳಿತು. ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಢಂ. ನಾವು ಮೊಬೈಲಿನಲ್ಲಿ ಫ್ರೇಮ್ ಎಣಿಸುತ್ತಿದ್ದದ್ದನ್ನು ನೋಡಿ ಕಾಕಾ ಕೇಳಿದರು, "ಎಷ್ಟಾತ್ರಿ?"

"ಹದಿನೈದು ಫ್ರೇಮ್ ಕಾಕಾ. ಅರ್ಧ ಸೆಕೆಂಡ್."

"ಅಂದ್ರ?"

"ನಿಮ್ಮಿಂದ ಆ ಹೂವಿಗೆ ನೂರಾ ಎಪ್ಪತ್ತೈದು ಮೀಟರ್."

ಕಾಕಾ ಹೊಸ ಬಣವಿಯ ಕಡೆ ಒಮ್ಮೆ ತಿರುಗಿ ನೋಡಿದರು, ಆಮೇಲೆ ಕಂಬಳಿಯ ಮೇಲೆ ಕಾಲು ಚಾಚಿದರು.